ಎಂಟು ಗಂಟೆಯ ಮೂರು ಮಾತ್ರೆ

ಜೂನ್ 4, ಬೆಳಿಗ್ಗೆ 8.10

ಎಂಟಕ್ಕೆ ಸರಿಯಾಗಿ ಮೂರೂ ಮಾತ್ರೆ ಕೊಟ್ಟೆ. ಐರನ್, ಕ್ಯಾಲ್ಸಿಯಂ, ವಿಟಮಿನ್. ಜೊತೆಗೆ ದೊಡ್ಡ ಲೋಟದ ತುಂಬ ಬಿಸಿ ಹಾಲು. ಸೊಸೆ ಮುಖ ಸಿಂಡರಿಸಿಕೊಂಡೇ ಕುಡಿದಳು. ಕುಡಿಯಲಿ. ಹೆರಿಗೆಯಾಗಿ ಏಳು ವಾರ, ಮೈಯಲ್ಲಿ ರಕ್ತ ಕಡಿಮೆ — ಹಿಮೋಗ್ಲೋಬಿನ್ 8.1. ಮಗ ಲಾರಿ ಓಡಿಸುವವನು, ಭಾನುವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಅವಳ ತಾಯಿ ಕಾಲು ಮುರಿದುಕೊಂಡು ಮಲಗಿದ್ದಾರೆ. ನನ್ನವಳು ಹೋಗಿ ಆರು ವರ್ಷ. ಹೀಗಾಗಿ ಬಾಣಂತಿಯ ಮಾತ್ರೆ ನನ್ನ ಪಾಲಿಗೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ಹೊತ್ತು ತಪ್ಪಿಸುವುದುಂಟೇ?

ಜೂನ್ 9

ಪಾಪುವನ್ನು ಎತ್ತಿಕೊಂಡು ನಿಂತವಳಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಕುಸಿದು ಕೂತಳು. ಪಾಪುವಿಗೆ ಏನೂ ಆಗಲಿಲ್ಲ. ನನ್ನ ಎದೆ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿದೆ.

"ಇನ್ಮೇಲೆ ಪಾಪುನ ನಾನು ಕೂತಾಗ ಮಾತ್ರ ಕೊಡಿ ಮಾವ. ನಿಂತು ಎತ್ಕೊಳ್ಳೋಕೆ ಭಯ ಆಗುತ್ತೆ" ಅಂದಳು.

ಹೆತ್ತ ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕುವ ಹಾಗಿಲ್ಲ. ಹಾಲು ಇನ್ನರ್ಧ ಲೋಟ ಹೆಚ್ಚಿಸಿದೆ.

ಜೂನ್ 20

ರಿಪೋರ್ಟ್ ಬಂತು. 8.0. ಏರುವುದಿರಲಿ, ಇಳಿದಿದೆ! ಇನ್ನೊಂದು ತಿಂಗಳಲ್ಲಿ ಏರದಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ರಕ್ತ ಕೊಡುತ್ತಾರಂತೆ. ಅಷ್ಟು ಮಾತ್ರೆ ಎಲ್ಲಿ ಹೋಯಿತು? ಉಗುಳುತ್ತಿದ್ದಾಳಾ? ಅವಳು ಸ್ನಾನಕ್ಕೆ ಹೋದಾಗ ದಿಂಬಿನ ಕೆಳಗೆ, ಕಸದ ಬುಟ್ಟಿಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಈ ವಯಸ್ಸಿಗೆ ನನಗಿದು ಬೇಕಿತ್ತಾ...

ಜೂನ್ 21

ಬಾಯಿ ತಡೆಯಲಿಲ್ಲ. ಕೇಳಿಯೇ ಬಿಟ್ಟೆ. "ನಿಜವಾಗ್ಲೂ ನುಂಗ್ತಿದ್ದೀಯೇನಮ್ಮಾ?"

ಮೂರೂ ನುಂಗಿ, ಹಾಲು ಮುಗಿಸಿ, ನನ್ನೆದುರು ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದಳು. ಕಣ್ಣಲ್ಲಿ ನೀರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ತಟ್ಟೆ ಮುಂದಿಟ್ಟು ಪಾಪುವಿನ ಹತ್ತಿರ ಹೋಗಿಬಿಟ್ಟಳು.

ಜೂನ್ 24

ಮನೆಮನೆಗೆ ಬರುವ ನರ್ಸಮ್ಮ ಬಂದಿದ್ದರು. ಮಾತ್ರೆ ಹೇಗೆ ಕೊಡ್ತೀರಿ ಅಂತ ಕೇಳಿದರು. ಎದೆಯುಬ್ಬಿಸಿ ಹೇಳಿದೆ — ಮೂರೂ ಒಟ್ಟಿಗೆ, ಬಿಸಿ ಹಾಲಲ್ಲಿ, ಎಂಟಕ್ಕೆ, ಒಂದು ದಿನವೂ ತಪ್ಪಿಸಿಲ್ಲ.

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ತಾತ! ಹಾಲು ಒಳ್ಳೇದೇ, ಆದ್ರೆ ಐರನ್ ಜೊತೆ ಅಲ್ಲ. ಕ್ಯಾಲ್ಸಿಯಂ ಜೊತೆನೂ ಬೇಡ. ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ಐರನ್ ನಿಂಬೆಹಣ್ಣಿನ ನೀರಲ್ಲಿ ಕೊಡಿ. ಹಾಲು, ಟೀ, ಕ್ಯಾಲ್ಸಿಯಂ ಎಲ್ಲಾ ಎರಡು ಗಂಟೆ ಬಿಟ್ಟು."

ಹೊತ್ತು ತಪ್ಪಿಸದೆ, ನಾನೇ ನಿಂತು ಹಾಳುಮಾಡಿದೆ. ತಪ್ಪು ಹೊರಿಸಿದ್ದು ಅವಳ ಮೇಲೆ.

ಜೂನ್ 25

ಎಂಟಕ್ಕೆ ಐರನ್, ನಿಂಬೆ ನೀರು. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ.

"ಹಾಲು ಯಾಕಿಲ್ಲ ಮಾವ?"

"ಡಾಕ್ಟ್ರು ಹೇಳಿದ್ರು."

ಸುಳ್ಳು. ಹೇಡಿ ನಾನು.

ಜುಲೈ 5, ಸಂಜೆ

ಹನ್ನೊಂದು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಇವತ್ತು ಹೊರಬಿತ್ತು. ಅವಳು ಪಾಪುವಿನ ಬಟ್ಟೆ ಮಡಚುತ್ತಿದ್ದಳು. ನಿಂತೇ ಹೇಳಿದೆ. "ತಪ್ಪು ನಂದು ಕಣಮ್ಮಾ. ನೀನು ನುಂಗ್ತಾನೇ ಇದ್ದೆ. ನಾನೇ ಹಾಲು ಕುಡಿಸಿ ಕೆಡಿಸ್ತಿದ್ದೆ."

"ಗೊತ್ತು ಮಾವ. ನರ್ಸಮ್ಮ ಹೇಳಿದ್ದು ಒಳಗಿದ್ದ ನನಗೂ ಕೇಳಿಸ್ತು. ನಿಮ್ಮ ಬಾಯಿಂದ್ಲೇ ಬರ್ಲಿ ಅಂತ ಸುಮ್ನಿದ್ದೆ."

ಭಲೇ! ಹನ್ನೊಂದು ದಿನ!

"ಇನ್ನೊಂದು ಮಾತು. ಹಾಲು ಕಂಡ್ರೆ ನನಗೆ ಚಿಕ್ಕಂದಿನಿಂದ್ಲೂ ಆಗಲ್ಲ. ನೀವು ಬೇಜಾರು ಮಾಡ್ಕೋತೀರ ಅಂತ ಕುಡೀತಿದ್ದೆ."

ಇಬ್ಬರೂ ನಕ್ಕೆವು. ಪಾಪು ಬೆಚ್ಚಿ ಎದ್ದಿತು. ಎದೆ ಹಗುರಾಯಿತು.

ಜುಲೈ 22, ಮಧ್ಯಾಹ್ನ

10.2!

ರಿಪೋರ್ಟ್ ಮೂರು ಸಲ ಓದಿದೆ. ಭೂತಗನ್ನಡಿ ಹಾಕಿಯೂ ಓದಿದೆ. ಹತ್ತು ಪಾಯಿಂಟ್ ಎರಡೇ. ಅಡ್ಮಿಟ್ ಬೇಡವಂತೆ, ಮಾತ್ರೆ ಮಾತ್ರ ಬಿಡಬಾರದಂತೆ.

ಆಸ್ಪತ್ರೆ ಬಾಗಿಲಲ್ಲಿ ಆಟೋ ಕರೆಯಲು ಹೋದೆ. ಬೇಡ ಅಂದಳು. "ಪಾಪುನ ಕೊಡಿ ಮಾವ. ನಡ್ಕೊಂಡೇ ಹೋಗೋಣ."

ಕೊಟ್ಟೆ. ಅವಳು ಹೊರಟಳು, ನಾನು ಒಂದು ಹೆಜ್ಜೆ ಹಿಂದೆ, ಎರಡೂ ಕೈ ಚಾಚಿಕೊಂಡು. ಬ್ಯಾಂಕಿನ ಮುಂದೆ ಜನ ನಗುತ್ತಿದ್ದರು. ಸೊಸೆ ತಿರುಗಿದಳು.

"ನಾನು ಬೀಳಲ್ಲ. ನೀವು ಮುಂದೆ ನಡೀರಿ."

ಮುಂದೆ ನಡೆದೆ. ತಿರುಗಿ ನೋಡಬಾರದು ಅಂತ ಹಲ್ಲು ಕಚ್ಚಿದೆ. ಔಷಧಿ ಅಂಗಡಿ ದಾಟಿತು, ಶಾಲೆಯ ಗೇಟು ದಾಟಿತು. ಹಿಂದೆ ಚಪ್ಪಲಿಯ ಸದ್ದು — ಎಲ್ಲೂ ನಿಲ್ಲಲಿಲ್ಲ. ನೋಡಲಿಲ್ಲ, ಒಂದು ಸಲವೂ... ಸರಿ, ತಿರುವಿನಲ್ಲಿ ಒಂದೇ ಒಂದು ಸಲ. ಪಾಪುವಿಗೆ ಏನೋ ಹೇಳುತ್ತಾ ಬರುತ್ತಿದ್ದಳು. ನನ್ನ ಕಡೆ ಗಮನವೇ ಇರಲಿಲ್ಲ. ನಾನು ಮುಂದೆ ನಡೆದೆ.