ಬಲಗಡೆ ಸವೆದ ಸ್ಟೀರಿಂಗು

ಅಪ್ಪಾ,

ನೀನು ತೀರಿಕೊಂಡ ಮೇಲೆ ಜೀಪು ಗುಜರಿಗೆ ಹೋಯಿತು. ಅದರ ಸ್ಟೀರಿಂಗ್ ಚಕ್ರ ಮಾತ್ರ ಉಳಿಸಿಕೊಂಡಿದ್ದೆ. ಇವತ್ತು ಅದನ್ನು ನನ್ನ ವ್ಯಾನಿಗೆ ಕೂರಿಸಿದೆ.

ಸುಲಭಕ್ಕೆ ಕೂರಲಿಲ್ಲ. ವ್ಯಾನಿನ ರಾಡು ಸಣ್ಣದು, ಚಕ್ರದ ತೂತು ದೊಡ್ಡದು, ಹಲ್ಲುಗಳೂ ಬೇರೆ. ನಡುವೆ ಎರಡಕ್ಕೂ ಹೊಂದುವ, ಬಳೆಯಂಥ ಒಂದು ಬುಷ್ ಬೇಕಿತ್ತು. ಆದರೆ ತೂತಿನೊಳಗಿನ ಹಲ್ಲಿನ ಅಳತೆ ಸಿಗುವುದು ಹೇಗೆ? ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಆಫ್ತಾಬಣ್ಣ ತೂತಿಗೆ ಎಣ್ಣೆ ಸವರಿ, ಬಿಸಿ ಅರಗು ಒತ್ತಿ, ಆರಿದ ಮೇಲೆ ಮೆಲ್ಲಗೆ ಈಚೆ ತೆಗೆದರು. ಮೂವತ್ತಾರು ಹಲ್ಲೂ ಅಚ್ಚಾಗಿದ್ದವು! ಅದನ್ನು ನೋಡಿಕೊಂಡೇ ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಉಕ್ಕಿನ ಬುಷ್ ಮಾಡಿದೆ.

ಆವತ್ತು ಆಫ್ತಾಬಣ್ಣ ಚಕ್ರದ ಮೇಲೆ ಬೆರಳಾಡಿಸಿ ಕೇಳಿದ್ದರು: “ಬಲಗಡೆ ಮಾತ್ರ ಸವ್ದೈತಲ್ಲಮ್ಮ, ನಿಮ್ಮಪ್ಪ ಒಂದೇ ಕೈಲಿ ಓಡಿಸ್ತಿದ್ರಾ?”

“ಹೂಂ ಕಣಣ್ಣ, ಅದಕ್ಕೇ ನಾನು ದಿನಾ ಬೈತಿದ್ದೆ.”

“ಇನ್ನೊಂದು ಕೈ ಏನ್ ಮಾಡ್ತಿತ್ತು?”

ನನಗೆ ಗೊತ್ತಿರಲಿಲ್ಲ. ಗೇರಿನ ಮೇಲಿತ್ತೇನೋ ಅಂದೆ.

ಇವತ್ತು ನಟ್ಟು ಬಿಗಿದ ಮೇಲೆ, ಚಿಕ್ಕಂದಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಹಾಗೆ ಎಡಗಡೆ ಸೀಟಿನಲ್ಲಿ ಕೂತು ನೋಡಿದೆ. ವ್ಯಾನಿಗೆ ಬಾಗಿಲಿದೆ. ನಿನ್ನ ಜೀಪಿಗೆ ಇರಲಿಲ್ಲ. ತಿಪ್ಪಸಂದ್ರದ ಆ ಗುಂಡಿ ರಸ್ತೆಯಲ್ಲೂ ನಾನು ಒಂದು ದಿನವೂ ಬೀಳಲಿಲ್ಲ.