ಒಗರು ಮರಳಿದ ವರ್ಷ

ಗಾಜಿನ ಸೂರಿನ ಎಂಬತ್ತನಾಲ್ಕನೆಯ ವರ್ಷ, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ
ಬಾದಾಮಿ ಬಂಡೆಯಡಿಯ ತೋಟ

ನಮಗಿಂತ ಬಹಳ ಹಿಂದೆ ಬದುಕಿದ ಹಿರಿಯರಿಗೆ, ತೋಟ ನೋಡಿಕೊಳ್ಳುವ ನೀಲಗಂಗಾ ಮಾಡುವ ನಮಸ್ಕಾರಗಳು.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬಿಸಿಲು ಮೈ ಸುಡುವಷ್ಟು ಕಟುವಾದ ಮೇಲೆ ನಮ್ಮ ಹಿಂದಿನವರು ಬಂಡೆಗಳ ನಡುವೆ ಗಾಜಿನ ಸೂರು ಹಾಕಿಕೊಂಡರು. ಉರಿಯನ್ನೆಲ್ಲ ತಡೆದು ಗಾಜು ಒಳಗೆ ಬಿಡುವ ಬೆಳಕಿಗೆ ನಾವು ಸೋಸುಬೆಳಕು ಎನ್ನುತ್ತೇವೆ. ಜೋಳ, ಬದನೆ, ದಾಳಿಂಬೆ ಎಲ್ಲವೂ ಅದರಲ್ಲೇ ಬೆಳೆಯುತ್ತವೆ. ಎಲ್ಲವೂ ಮೆತ್ತಗೆ, ಎಲ್ಲವೂ ಸಿಹಿ. ಬೆಳಗಿನ ಊಟದ ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂದು ಗುಳಿಗೆ ಕೊಡುತ್ತಾರೆ. ಅದರ ಹೆಸರು ತುಕ್ಕುತಡೆ. ನಾವು ಎಳೆದುಕೊಳ್ಳುವ ಉಸಿರೇ ಜೀವಕೋಶಗಳನ್ನು ಕಬ್ಬಿಣದ ತುಕ್ಕಿನಂತೆ ಮೆಲ್ಲಗೆ ತಿನ್ನುತ್ತದಂತೆ. ನೀವು ಹಣ್ಣಿನ ಸಿಪ್ಪೆಯಲ್ಲಿ, ಚಹಾದಲ್ಲಿ ತಿಳಿಯದೆಯೇ ಸೇವಿಸುತ್ತಿದ್ದ, ಆ ತುಕ್ಕು ತಡೆಯುವ ಪಾಲಿಫಿನಾಲು ಎಂಬ ಸಸ್ಯಸತ್ವಗಳನ್ನು ನಾವು ಗುಳಿಗೆಯಾಗಿ ನೀರಿನೊಡನೆ ನುಂಗುತ್ತೇವೆ.

ತೋಟದಲ್ಲಿ ಇರುವುದು ಒಂದೇ ನೇರಳೆ ಮರ. ಸೂರು ಬಂದಾಗ ಏಳು ವರ್ಷದವಳಾಗಿದ್ದ ಹುಸೇನಬಿ ಅಜ್ಜಿ ಪ್ರತಿವರ್ಷ ಅದರ ಹಣ್ಣು ಬಾಯಿಗಿಟ್ಟು ತಲೆಯಾಡಿಸುತ್ತಿದ್ದಳು.

"ಇದು ನೇರಳಿ ಅಲ್ಲವ್ವಾ, ಬರೇ ಸಿಹಿ ನೀರು. ಒಗರೆಲ್ಲಿ ಐತಿ?"

ಒಗರು ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕೇಳಿದರೆ ತುಟಿ ಮುದುಡಿಸಿ ತೋರಿಸುವಳು.

ಹಳೆಯ ದಾಖಲೆಗಳನ್ನು ಓದಿದಾಗ ಕಾರಣ ತಿಳಿಯಿತು. ಒಗರು ಬರುವುದು ಅದೇ ಪಾಲಿಫಿನಾಲುಗಳಿಂದ. ಮರ ಆ ಒಗರನ್ನು ನಮಗಾಗಿ ಮಾಡುತ್ತಿರಲಿಲ್ಲ. ಉರಿಬಿಸಿಲಿನಿಂದ ತನ್ನ ಕೋಶಗಳನ್ನು ಉಳಿಸಿಕೊಳ್ಳಲು ಮಾಡುತ್ತಿತ್ತು. ನಮ್ಮ ಮರ ಬಿಸಿಲನ್ನೇ ಕಂಡಿರಲಿಲ್ಲ. ಮರದ ಮೇಲಿನ ಗಾಜು ತೆಗೆಸಿರೆಂದು ತೋಟದ ಹಿರಿಯ ದೇವಿಂದ್ರಪ್ಪನವರನ್ನು ಕೇಳಿಕೊಂಡೆ.

"ಇರೂದ ಒಂದು ಮರ. ಸತ್ತರ ಯಾರು ಹೊಣಿ?" ಎಂದರು.

"ನಾನರೀ," ಎಂದೆ.

ಗಾಜು ತೆಗೆದ ಒಂಬತ್ತನೆಯ ದಿನಕ್ಕೆ ಎಲೆಗಳೆಲ್ಲ ಸುಟ್ಟು ಉದುರಿದವು. ದೇವಿಂದ್ರಪ್ಪ ನನ್ನೊಡನೆ ಮಾತು ಬಿಟ್ಟರು. ನಾನು ದಿನವೂ ಬಿಸಿಲೇರುವ ಮುನ್ನ ಬುಡಕ್ಕೆ ನೀರು ಹಾಕಿ, ಬೋಳು ಕೊಂಬೆ ಮುಟ್ಟಿ ಬರುತ್ತಿದ್ದೆ. ಎರಡು ತಿಂಗಳಿಗೆ ಚಿಗುರು ಬಂತು, ನಾನೆಂದೂ ಕಾಣದ ಕಡುಕೆಂಪು ಚಿಗುರು. ಮರ ತನ್ನನ್ನು ಕಾಯ್ದುಕೊಳ್ಳಲು ಕಲಿತಿತ್ತು.

ಮರುವರ್ಷದ ಮೊದಲ ಹಣ್ಣನ್ನು ಹಾಸಿಗೆ ಹಿಡಿದಿದ್ದ ಹುಸೇನಬಿಗೆ ಕೊಟ್ಟೆ. ಅಗಿದಳು, ಅರ್ಧಕ್ಕೇ ನಿಲ್ಲಿಸಿದಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಹಿಡೀತು! ನಾಲಿಗಿ ಹಿಡೀತು ನೋಡ!" ನೀಲಿ ನಾಲಿಗೆ ಚಾಚಿ ನಕ್ಕವಳು ಮರುಗಳಿಗೆ ಅಳತೊಡಗಿದಳು. "ಅಂಗಿಗೆ ನೇರಳಿ ಕಲಿ ಹತ್ತಿದ್ರ ನಮ್ಮವ್ವ ಬೈತಾಳ... ಬೈಲಿ ಬಿಡು, ಒಮ್ಮೆ ಬಂದು ಬೈಲಿ."

ಇಪ್ಪತ್ತು ದಿನಗಳ ಮೇಲೆ ಅವಳು ತೀರಿಕೊಂಡಳು. ಒಂದು ಹಿಡಿ ಹಣ್ಣು ತೊಂಬತ್ತೊಂದು ವರ್ಷದ ಸವೆತವನ್ನು ತಡೆಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅಂದಿನಿಂದ, ನಾನು ಕಾಣದ, ಸೂರಿಲ್ಲದ ಬಯಲಿಗಾಗಿ, ನಾನು ನೋಡದ ಅವಳ ತಾಯಿಗಾಗಿ ನನ್ನ ಜೀವ ಹಂಬಲಿಸುತ್ತಿದೆ.

ಹಿರಿಯರೇ, ಒಂದು ಬೇಡಿಕೆಯಿದೆ. ಯಾವ ಹಣ್ಣಿನಲ್ಲಿ ಯಾವ ಪಾಲಿಫಿನಾಲು ಎಷ್ಟಿತ್ತೆಂದು ನೀವು ಅಳೆದಿಟ್ಟ ಪಟ್ಟಿಗಳು ನಮ್ಮಲ್ಲಿವೆ. ತಿಂದಾಗ ಬಾಯಿಗೆ ಏನಾಯಿತೆಂದು ಮಾತ್ರ ಯಾರೂ ಬರೆದಿಲ್ಲ. ದಯಮಾಡಿ ಬರೆದಿಡಿ. ಬೀಜದ ಪೆಟ್ಟಿಗೆಯಲ್ಲಿ ಹೆಸರು ಅಳಿಸಿಹೋದ ಪೊಟ್ಟಣವೊಂದು ಸಿಕ್ಕಿತು. ಮೊನ್ನೆ ಬಿತ್ತಿದ್ದೆ, ಇಂದು ಮೊಳಕೆ ಕಂಡಿದೆ. ಅದು ಹಣ್ಣು ಬಿಟ್ಟಾಗ, ಇದರ ರುಚಿ ಹೀಗೇ ಇತ್ತು ಎಂದು ಹೇಳಲು ಇಲ್ಲಿ ಯಾರೂ ಉಳಿದಿಲ್ಲ.