ಹೆಸರು ಕೂಗದ ಬೀಳ್ಕೊಡುಗೆ

ಜೂನ್ ೨೮, ಶುಕ್ರವಾರ

ರಾತ್ರಿಯಾಯಿತು. ಫೋನಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಈಸ್ಟರ್ ರಜೆಯಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ನಮ್ಮ ಹಾಸ್ಟೆಲಿನ ಹುಡುಗ ಓಶೇನ್‌ನ ಅಣ್ಣನನ್ನು ಗುಂಡಿಕ್ಕಿ ಕೊಂದರು. ಕಿಟಕಿಯಿಂದ ಅದನ್ನು ಕಂಡವನು ಓಶೇನ್ ಒಬ್ಬನೇ. ಕೊಂದವರಿಗೆ ಇವನ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಇವತ್ತು ಶಾಲೆ ಬಿಡುವ ಹುಡುಗರ ಬೀಳ್ಕೊಡುಗೆ. ಒಬ್ಬೊಬ್ಬನನ್ನೇ ಹೆಸರು ಕೂಗಿ ನಿಲ್ಲಿಸಿ ನಾಲ್ಕು ಒಳ್ಳೆಯ ಮಾತು ಹೇಳುವುದು ವಾರ್ಡನ್ ಆದ ನನ್ನ ಕೆಲಸ.

ಓಶೇನ್ ಬೆಳಿಗ್ಗೆಯೇ ಬಂದು, "ಸರ್, ನನ್ನ ಹೆಸರು ಮಾತ್ರ ಕೂಗ್ಬೇಡಿ," ಅಂದ.

"ಹೆದರ್ಕೊಂಡ್ಯೇನೋ?"

"ನೀವು ಹೆದರ್ಕೊಂಡಿಲ್ವಾ ಸರ್?"

ಬೀಳ್ಕೊಡುಗೆ ನಡೆದ ಚಾಪೆಲಿನಲ್ಲಿ, ಶಾಲೆಯ ಆ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ, ಇಬ್ಬರು ಅಪರಿಚಿತರು ಕೂತಿದ್ದರು. ಯಾರ ಮನೆಯವರೂ ಅಲ್ಲ. ಕೊಂದವರ ಕಡೆಯವರೇ ಇರಬೇಕು. ಅವನ ಸರದಿ ಬಂದಾಗ ಇಷ್ಟೇ ಹೇಳಿದೆ: "ಇಲ್ಲೊಬ್ಬ ಹುಡುಗ ಇದ್ದಾನೆ. ಮನೆ ನೆನಪಾಗಿ ಅಳೋ ಚಿಕ್ಕವರ ಪಕ್ಕ ನಿದ್ದೆಗೆಟ್ಟು ಕೂತಿರ್ತಿದ್ದ. ಅವನನ್ನ ನಾವ್ಯಾರೂ ಮರೆಯಲ್ಲ."

ಯಾರೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬ ಹುಡುಗನೂ ಓಶೇನ್ ಕಡೆ ತಿರುಗಲಿಲ್ಲ.

ಹೊರಗೆ ಆ ಇಬ್ಬರು ಅಪರಿಚಿತರಲ್ಲೊಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟ. "ಚೆನ್ನಾಗಿ ಮಾತಾಡಿದ್ರಿ ಮೇಷ್ಟ್ರೇ. ಯಾರವನು?"

"ನಮ್ಮ ಹುಡುಗರೆಲ್ಲ ಹಾಗೇನೇ," ಅಂದೆ.

ಅಷ್ಟರಲ್ಲಿ ಅಡುಗೆಮನೆಯ ಮಿಸ್ ಪರ್ಲ್ ಓಶೇನ್‌ನನ್ನು ಶಾಲೆಗೆ ಬ್ರೆಡ್ ತರುವ ವ್ಯಾನಿನಲ್ಲಿ ಕೂರಿಸಿ ಕಳಿಸಿದ್ದಳು. ಸಂಜೆಯೊಳಗೆ ಚಿಕ್ಕಮ್ಮನ ಮನೆ ತಲುಪಿ ಫೋನ್ ಮಾಡಬೇಕಿತ್ತು. ವ್ಯಾನ್ ಕೆಟ್ಟಿರಬಹುದು. ಆ ರಸ್ತೆಯೂ ಹಾಳಾಗಿದೆ. ಕೆಟ್ಟಿದ್ದರೆ ಡ್ರೈವರ್ ಆದರೂ ಒಂದು ಮಾತು ತಿಳಿಸುತ್ತಿದ್ದ. ಫೋನ್ ಇನ್ನೂ ಬಂದಿಲ್ಲ.